3 ಅಡಿ ಅಕ್ವೇರಿಯಂಗೆ ಯಾವ ಮೀನು, ಎಷ್ಟು ಮೀನು? ನಮ್ಮ ಬಿಸಿಲು, ನಮ್ಮ ಬೋರ್ ನೀರು ನೋಡಿ ಹೇಳಿ

ಬೆಣ್ಣೆನಗರಿ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಪಿ.ಜೆ. ಬಡಾವಣೆಯಿಂದ ಬರೆಯುತ್ತಿದ್ದೇನೆ. ಮಗಳ ಹುಟ್ಟುಹಬ್ಬಕ್ಕೆ ಅವಳ ಸೋದರಮಾವ ಗಾಜಿನ ಟ್ಯಾಂಕ್ ಮಾಡಿಸಿ ಕೊಟ್ಟಿದ್ದಾರೆ. 3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರ. ಗೋಡೆಗೆ ತೂಗುವ ಫಿಲ್ಟರ್ ಇದೆ, ಏರ್ ಪಂಪ್ ಇದೆ. ಮೀನು ಇನ್ನೂ ತಂದಿಲ್ಲ.

ಮಗಳು ಅಂಗಡಿಗೆ ಹೋಗಿ ಇಷ್ಟವಾದದ್ದನ್ನೆಲ್ಲ ಬರೆದುಕೊಂಡು ಬಂದಿದ್ದಾಳೆ: 4 ಗೋಲ್ಡ್ ಫಿಶ್, ಒಂದು ಜೋಡಿ ಏಂಜೆಲ್, 6 ಟೈಗರ್ ಬಾರ್ಬ್, 10 ಗಪ್ಪಿ, ಒಂದು ಫೈಟರ್, 2 ಶಾರ್ಕ್, ಮತ್ತೆ ಗಾಜು ಕ್ಲೀನ್ ಮಾಡೋಕೆ ಒಂದು ಸಕ್ಕರ್. ಅಂಗಡಿಯವರು "ಎಲ್ಲಾ ಒಟ್ಟಿಗೆ ಬಿಡಬಹುದು, ಏನೂ ಆಗಲ್ಲ" ಎಂದರಂತೆ. ನನಗೇಕೋ ಧೈರ್ಯ ಬರಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನೀರು ಬೋರ್‌ವೆಲ್‌ದು. ಟಿಡಿಎಸ್ (ನೀರಿನಲ್ಲಿ ಕರಗಿದ ಉಪ್ಪು, ಖನಿಜದ ಪ್ರಮಾಣ) ಮೀಟರ್ 900ರ ಆಸುಪಾಸು ತೋರಿಸುತ್ತದೆ. ನಲ್ಲಿ ನೀರೂ ಬರುತ್ತದೆ, ಆದರೆ ದಿನಾ ಅಲ್ಲ. ಟ್ಯಾಂಕ್ ಹಾಲ್‌ನಲ್ಲಿದೆ, ಬೇಸಿಗೆಯಲ್ಲಿ ಆ ಹಾಲ್ ಚೆನ್ನಾಗಿ ಕಾಯುತ್ತದೆ.

ಹಳೇಟ್ಯಾಂಕ್, ದಾವಣಗೆರೆ:

ತರುವ ಮೊದಲೇ ಕೇಳಿದಿರಲ್ಲ, ಅದೇ ದೊಡ್ಡ ವಿಷಯ. ಇಲ್ಲಿ ಮುಕ್ಕಾಲು ಪ್ರಶ್ನೆಗಳು ಮೀನು ಸಾಯಲು ಶುರುವಾದ ಮೇಲೆ ಬರುತ್ತವೆ.

ಮೊದಲು ನೀರಿನ ಲೆಕ್ಕ. ನಿಮ್ಮ ಟ್ಯಾಂಕ್ ನಾಲ್ಕೂವರೆ ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್. ಅಂಚಿನವರೆಗೆ ತುಂಬಿದರೆ 127 ಲೀಟರ್. ಮೇಲೆ ಎರಡು ಇಂಚು ಖಾಲಿ ಬಿಡುತ್ತೀರಿ, ಕೆಳಗೆ ಜಲ್ಲಿ ಹಾಕುತ್ತೀರಿ. ಉಳಿಯುವುದು ಸುಮಾರು 105 ಲೀಟರ್. ಮುಂದಿನ ಎಲ್ಲ ಮಾತೂ ಈ 105ರ ಮೇಲೆ.

ಮಗಳ ಪಟ್ಟಿಯಲ್ಲಿರುವ ಮೀನು ಒಂದೊಂದೂ ಚೆಂದ. ಒಟ್ಟಿಗೆ ಬಾಳುವುದಿಲ್ಲ, ಅಷ್ಟೇ.

ಗೋಲ್ಡ್ ಫಿಶ್ ತಂಪು ನೀರಿನ ಮೀನು. 18ರಿಂದ 24 ಡಿಗ್ರಿ ಅದಕ್ಕೆ ಹಿತ. ಏಂಜೆಲ್‌ಗೆ 26, 27 ಬೇಕು. ಒರಾಂಡಾ, ರ್ಯೂಕಿನ್ ತರಹದ ದಪ್ಪ ಹೊಟ್ಟೆಯವು 15ರಿಂದ 20 ಸೆಂಟಿಮೀಟರ್ ಬೆಳೆಯುತ್ತವೆ. ಉದ್ದ ಮೈಯ ಸಾದಾ ಗೋಲ್ಡ್ ಫಿಶ್ 30ರವರೆಗೂ ಹೋಗುತ್ತದೆ. ತಿನ್ನುವುದೂ ಜಾಸ್ತಿ, ಗಲೀಜು ಮಾಡುವುದೂ ಜಾಸ್ತಿ. ನಿಮ್ಮ ಇಡೀ ಟ್ಯಾಂಕ್ ದಪ್ಪ ಹೊಟ್ಟೆಯ ಎರಡಕ್ಕೆ ಸಾಕಾಗುತ್ತದೆ. ಎರಡೇ. ಬೇರೆ ಏನೂ ಇಲ್ಲ.

"ಶಾರ್ಕ್" ಅಂತ ಅಂಗಡಿಯಲ್ಲಿ ಕೊಡುವ ಬೆಳ್ಳಿ ಬಣ್ಣದ ಮರಿ ಹೆಚ್ಚಾಗಿ ಪಂಗಾಸ್. ಮೀನು ಮಾರ್ಕೆಟ್‌ನಲ್ಲಿ ಕತ್ತರಿಸಿ ತೂಕಕ್ಕೆ ಮಾರುತ್ತಾರಲ್ಲ, ಅದೇ. ಅದು 1 ಮೀಟರ್ ದಾಟಿ ಬೆಳೆಯುವ ಮೀನು. ಗಾಬರಿಯಾದರೆ ತಲೆ ಕೊಟ್ಟು ಗಾಜಿಗೆ ನುಗ್ಗುತ್ತದೆ. ಮನೆಯ ಟ್ಯಾಂಕ್‌ಗೆ ಅದು ಬೇಡವೇ ಬೇಡ. ಇನ್ನೊಂದು ಬಾಲಾ ಶಾರ್ಕ್, ಕಪ್ಪು ಅಂಚಿನ ರೆಕ್ಕೆಯದು. ಅದೂ 30 ಸೆಂಟಿಮೀಟರ್ ಆಗುತ್ತದೆ, ಗುಂಪೂ ಬೇಕು.

ಸಕ್ಕರ್ ಬಗ್ಗೆ ಎಲ್ಲರಿಗೂ ಒಂದು ತಪ್ಪು ನಂಬಿಕೆ. ಮರಿ ಇದ್ದಾಗ ಪಾಚಿ ತಿನ್ನುತ್ತದೆ, ನಿಜ. ಬೆಳೆದ ಮೇಲೆ ಬೇರೆ ಮೀನಿಗೆ ಹಾಕಿದ ಕಾಳನ್ನೇ ತಿಂದು ಉದ್ದುದ್ದ ಹಿಕ್ಕೆ ಹಾಕಿಕೊಂಡು ಕೂರುತ್ತದೆ. ಒಂದು ಅಡಿ ದಾಟುತ್ತದೆ. ಕೆಲವು ರಾತ್ರಿ ಹೊತ್ತು ಏಂಜೆಲ್, ಗೋಲ್ಡ್ ಫಿಶ್‌ನಂಥ ಅಗಲ ಮೈಯ ಮೀನಿಗೆ ಅಂಟಿ ಮೈಯ ಲೋಳೆ ಕೆರೆಯುತ್ತವೆ. ಬೆಳಗ್ಗೆ ನೋಡಿದರೆ ಮೀನಿನ ಪಕ್ಕೆಯಲ್ಲಿ ಬಿಳಿಚಿದ ಮಚ್ಚೆ. ಗಾಜು ಒರೆಸಲು ಸ್ಪಂಜು ಸಾಕು.

ಟೈಗರ್ ಬಾರ್ಬ್ ಉದ್ದ ರೆಕ್ಕೆ ಕಂಡರೆ ಸುಮ್ಮನೆ ಇರುವುದಿಲ್ಲ. ಏಂಜೆಲ್‌ನ ಹೊಟ್ಟೆಯ ಕೆಳಗೆ ದಾರದಂಥ ಎರಡು ರೆಕ್ಕೆ ಇಳಿಬಿದ್ದಿರುತ್ತವೆ. ಮೊದಲು ಅವೇ ಮಾಯ. ಆಮೇಲೆ ಗಪ್ಪಿಯ ಬಾಲ, ಫೈಟರ್‌ನ ರೆಕ್ಕೆ. ಏಂಜೆಲ್ ದೊಡ್ಡದಾದ ಮೇಲೆ ಗಪ್ಪಿಯನ್ನೇ ನುಂಗುತ್ತದೆ. ಜೋಡಿ ಮೊಟ್ಟೆ ಇಟ್ಟರೆ ಅರ್ಧ ಟ್ಯಾಂಕ್ ತಮ್ಮದು ಅಂತ ಕಾಯುತ್ತವೆ, ಉಳಿದವು ಮೂಲೆಗೆ. ಫೈಟರ್‌ಗೆ ಗಪ್ಪಿ ಗಂಡಿನ ಬಣ್ಣದ ಬಾಲ ಇನ್ನೊಂದು ಫೈಟರ್ ಹಾಗೆ ಕಾಣುತ್ತದೆ.

ಇದರಲ್ಲಿ ಯಾವುದಾದರೂ ಒಂದನ್ನು ಆರಿಸಿ. ಉಳಿದದ್ದನ್ನು ಅದಕ್ಕೆ ಹೊಂದಿಸೋಣ.

ಗಣಿತಮೇಷ್ಟ್ರು, ದಾವಣಗೆರೆ:

ಒಂದು ಗ್ಯಾಲನ್‌ಗೆ ಒಂದು ಇಂಚು ಮೀನು ಅನ್ನುವ ಹಳೆಯ ಲೆಕ್ಕ ಇದೆಯಲ್ಲ. ನಮ್ಮ ಅಳತೆಯಲ್ಲಿ ಹೇಳಿದರೆ ಒಂದೂವರೆ ಲೀಟರ್‌ಗೆ 1 ಸೆಂಟಿಮೀಟರ್ ಮೀನು. 105 ಲೀಟರ್‌ಗೆ 70 ಸೆಂಟಿಮೀಟರ್. ಇದನ್ನು ಇಟ್ಟುಕೊಂಡರೆ ಸಾಲದೇ?

ಆದರೆ ಇದನ್ನು ಎಲ್ಲಿ ನಿಲ್ಲಿಸಬೇಕು ಅಂತ ಹೇಳಿಬಿಡುತ್ತೇನೆ. ಉದ್ದ ಎರಡರಷ್ಟಾದರೆ ತೂಕ ಎರಡರಷ್ಟಲ್ಲ, ಎಂಟರಷ್ಟು. 10 ಇಂಚಿನ ಆಸ್ಕರ್ ಮೀನು ಒಂದು, 1 ಇಂಚಿನ ಮರಿ 10 ಅಲ್ಲ. ತೂಕದಲ್ಲಿ ಸುಮಾರು 1000 ಮರಿಗೆ ಸಮ. ಹಾಗಾಗಿ ಈ ಲೆಕ್ಕ 5, 6 ಸೆಂಟಿಮೀಟರ್ ಒಳಗಿನ ತೆಳ್ಳಗಿನ ಮೀನಿಗೆ ಮಾತ್ರ. ಅದೂ ಅಂಗಡಿಯಲ್ಲಿ ಕಂಡ ಅಳತೆ ಅಲ್ಲ, ಪೂರ್ತಿ ಬೆಳೆದ ಅಳತೆ ಹಾಕಬೇಕು. ಮಕ್ಕಳು ತಪ್ಪುವುದು ಅಲ್ಲೇ. ಇವತ್ತು 3 ಸೆಂಟಿಮೀಟರ್ ಇರುವ ಏಂಜೆಲ್ ಮುಂದಿನ ವರ್ಷ ಅಂಗೈ ಅಗಲ ಆಗಿರುತ್ತದೆ.

ಮಂಡಿಪೇಟೆ, ದಾವಣಗೆರೆ:

ಸ್ವಲ್ಪ ಜಾಸ್ತಿ ಹೆದರಿಸುತ್ತಿದ್ದೀರಿ ಅನಿಸುತ್ತದೆ. ಅಂಗಡಿಗೆ ಹೋಗಿ ನೋಡಿ. 2 ಅಡಿ ಟ್ಯಾಂಕ್‌ನಲ್ಲಿ ನೂರು ಮೀನು ಆರಾಮಾಗಿ ಓಡಾಡುತ್ತವೆ. ದೊಡ್ಡ ಫಿಲ್ಟರ್ ಹಾಕಿ, ನೀರು ಬದಲಿಸುತ್ತಾ ಇದ್ದರೆ ಎರಡು ಪಟ್ಟು ಮೀನು ಸಾಕಬಹುದು. ನಾನು ಕ್ಯಾನಿಸ್ಟರ್ ಫಿಲ್ಟರ್ ಇಟ್ಟಿದ್ದೇನೆ, ನನ್ನ ಟ್ಯಾಂಕ್ ತುಂಬಾ ಮೀನಿದೆ. ಖಾಲಿ ಖಾಲಿ ಟ್ಯಾಂಕ್ ನೋಡಿ ಮಕ್ಕಳಿಗೆ ಏನು ಖುಷಿ?

ಹಳೇಟ್ಯಾಂಕ್, ದಾವಣಗೆರೆ:

ಅಂಗಡಿ ಟ್ಯಾಂಕ್ ಅಂದರೆ ಬಸ್ ಸ್ಟ್ಯಾಂಡ್ ಇದ್ದ ಹಾಗೆ. ಅಲ್ಲಿ ಜನ ಎಷ್ಟು ಹಿಡಿಸುತ್ತಾರೆ ಅಂತ ನೋಡಿ ಯಾರೂ ಮನೆ ಕಟ್ಟುವುದಿಲ್ಲ. ಚೆನ್ನೈನ ಕೊಳತ್ತೂರಿನ ಕಡೆಯಿಂದಲೋ ಬೆಂಗಳೂರಿನಿಂದಲೋ ಆಮ್ಲಜನಕ ತುಂಬಿದ ಚೀಲದಲ್ಲಿ ಮೀನು ಬರುತ್ತದೆ, ಕೆಲವೇ ದಿನದಲ್ಲಿ ಮಾರಿಹೋಗುತ್ತದೆ. ಅಲ್ಲಿ ಬೆಳೆಯುವುದೂ ಇಲ್ಲ, ಜಾಗ ಹಿಡಿದು ಜಗಳವಾಡುವಷ್ಟು ದಿನ ಇರುವುದೂ ಇಲ್ಲ.

ಫಿಲ್ಟರ್ ಮಾತಿಗೆ ಬರುತ್ತೇನೆ. ನೀವು ಹೇಳಿದ್ದು ಅರ್ಧ ನಿಜ. ಮೀನಿನ ಹಿಕ್ಕೆ, ಉಳಿದ ಕಾಳು, ಕಿವಿರಿನಿಂದ ಬರುವ ಕಸ ಎಲ್ಲ ಸೇರಿ ಅಮೋನಿಯಾ ಆಗುತ್ತದೆ. ಫಿಲ್ಟರ್ ಸ್ಪಂಜಿನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ಬೇರೆ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತವೆ. ದೊಡ್ಡ ಫಿಲ್ಟರ್ ಇದ್ದರೆ ಈ ಕೆಲಸ ಚೆನ್ನಾಗಿ ನಡೆಯುತ್ತದೆ. ಕರೆಂಟ್ ಇರುವವರೆಗೆ.

ನಾನು ಯಾರಿಗೇ ಆದರೂ ಹೇಳುವುದು ಒಂದೇ ಮಾತು. ಎಷ್ಟು ಮೀನು ಅನ್ನುವ ಲೆಕ್ಕವನ್ನು ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಹಾಕಿ. ಕರೆಂಟ್ ಹೋಗಿದೆ ಅಂದುಕೊಂಡು ಹಾಕಿ. ಪುಸ್ತಕದಲ್ಲಿ, ವಿಡಿಯೋದಲ್ಲಿ ಬರುವ ಲೆಕ್ಕ ಎಲ್ಲ 25 ಡಿಗ್ರಿ ನೀರಿಗೆ, ಎಂದೂ ಕರೆಂಟ್ ಹೋಗದ ಊರಿಗೆ.

ಯಾಕೆ ಅಂತ ನೋಡಿ. 20 ಡಿಗ್ರಿ ನೀರು ಒಂದು ಲೀಟರ್‌ಗೆ 9.1 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು. 25 ಡಿಗ್ರಿಗೆ 8.3. ನಮ್ಮ ಹಾಲ್‌ಗಳಲ್ಲಿ ಬೇಸಿಗೆ ಮಧ್ಯಾಹ್ನ ನೀರು 32 ಮುಟ್ಟುತ್ತದೆ, ಆಗ 7.3. ಅದೂ ಗುಳ್ಳೆ ಬರುತ್ತಾ ಇದ್ದರೆ ಮಾತ್ರ. ಇನ್ನೊಂದು ಕಡೆ ಬಿಸಿ ಏರಿದಷ್ಟೂ ಮೀನಿನ ಉಸಿರಾಟ ಜೋರಾಗುತ್ತದೆ. 10 ಡಿಗ್ರಿ ಏರಿದರೆ ಅದಕ್ಕೆ ಬೇಕಾದ ಆಮ್ಲಜನಕ ಹೆಚ್ಚು ಕಡಿಮೆ ಎರಡು ಪಟ್ಟು. ಅಂದರೆ ಗಳಿಕೆ ಇಳಿಯುವ ಹೊತ್ತಿಗೇ ಖರ್ಚು ಏರುತ್ತದೆ.

ಅಮೋನಿಯಾದ ಕಥೆ ಇನ್ನೂ ಕಠಿಣ. ನೀರಿನಲ್ಲಿರುವ ಅಮೋನಿಯಾ ಎಲ್ಲವೂ ವಿಷವಲ್ಲ. ಪಿಎಚ್ (ನೀರು ಹುಳಿಯೋ ಕ್ಷಾರವೋ ಅನ್ನುವ ಅಳತೆ) 7, ಉಷ್ಣಾಂಶ 25 ಇದ್ದರೆ ನೂರಕ್ಕೆ 0.5 ಪಾಲಿಗಿಂತ ಸ್ವಲ್ಪ ಜಾಸ್ತಿ ಮಾತ್ರ ವಿಷದ ರೂಪದಲ್ಲಿರುತ್ತದೆ. ಪಿಎಚ್ 8, ಉಷ್ಣಾಂಶ 30 ಆದರೆ ನೂರಕ್ಕೆ ಏಳೂವರೆ ಪಾಲು. ಅಷ್ಟೇ ಮೀನು, ಅಷ್ಟೇ ಕಾಳು, ವಿಷ ಮಾತ್ರ ಹತ್ತು ಪಟ್ಟಿಗಿಂತ ಹೆಚ್ಚು. ನಮ್ಮ ಬೋರ್ ನೀರಿನ ಪಿಎಚ್ ಸಾಮಾನ್ಯವಾಗಿ 8ರ ಹತ್ತಿರವೇ ಇರುತ್ತದೆ ಅಲ್ವಾ?

ಡಿಸೆಂಬರ್‌ನಲ್ಲಿ ನಿಮ್ಮ ಟ್ಯಾಂಕ್ ಎರಡು ಪಟ್ಟು ಮೀನು ತಾಳಿಕೊಳ್ಳುತ್ತದೆ, ಒಪ್ಪುತ್ತೇನೆ. ಆದರೆ ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೊರಟುಹೋಗುತ್ತದೆ. ಆಮೇಲೆ ಉಳಿಯುವುದು ಬಿಸಿಲು.

ಮಂಡಿಪೇಟೆ, ದಾವಣಗೆರೆ:

ಕರೆಂಟ್ ಹೋದರೆ ನನ್ನ ಮನೆಯಲ್ಲಿ ಯುಪಿಎಸ್ ಇದೆ. ಆದರೂ ಪಿಎಚ್ ಲೆಕ್ಕ ನನಗೆ ಹೊಸದು. ಮೀನಿಗೆ ಉಸಿರು ಸಾಲುತ್ತಿಲ್ಲ ಅಂತ ನೋಡಿದ ಕೂಡಲೇ ಗೊತ್ತಾಗುವುದು ಹೇಗೆ?

ಹಳೇಟ್ಯಾಂಕ್, ದಾವಣಗೆರೆ:

ಎಲ್ಲ ಮೀನೂ ಮೇಲಕ್ಕೆ ಬರುತ್ತವೆ. ಬಾಯಿ ನೀರಿನ ಮೇಲ್ಮೈಗೆ ತಾಗಿಸಿ ಮೈ ಓರೆ ಮಾಡಿ ನಿಲ್ಲುತ್ತವೆ. ಕಿವಿರಿನ ಮುಚ್ಚಳ ಬೇಗ ಬೇಗ ಬಡಿಯುತ್ತಾ ಇರುತ್ತದೆ. ಫಿಲ್ಟರ್‌ನಿಂದ ನೀರು ಬೀಳುವ ಕಡೆ ಗುಂಪು ಸೇರುತ್ತವೆ. ಕಾಳು ಹಾಕಿದರೂ ತಿರುಗಿ ನೋಡುವುದಿಲ್ಲ. ಒಂದೇ ಮೀನು ಹಾಗೆ ಮಾಡಿದರೆ ಕಾಯಿಲೆ ಇರಬಹುದು. ಎಲ್ಲವೂ ಒಟ್ಟಿಗೆ ಮಾಡಿದರೆ ನೀರಿನದೇ ತೊಂದರೆ. ಫೈಟರ್, ಗೌರಾಮಿ ಮೇಲೆ ಬಂದು ಗಾಳಿ ನುಂಗುವುದು ಸಹಜ, ಅವುಗಳ ಮೈಯಲ್ಲೇ ಅದಕ್ಕೆ ಅಂಗ ಇದೆ. ಅದನ್ನು ನೋಡಿ ಹೆದರಬೇಡಿ.

ಹಾಗಾದಾಗ ಮೊದಲು ಕಾಳು ನಿಲ್ಲಿಸಿ. ಒಂದು ಮಗ್ಗಿನಲ್ಲಿ ನೀರು ತೆಗೆದು ಒಂದು ಅಡಿ ಎತ್ತರದಿಂದ ಸುರಿಯುತ್ತಾ ಇರಿ. ಬ್ಯಾಟರಿಯಲ್ಲಿ ನಡೆಯುವ ಏರ್ ಪಂಪ್ ಸಿಗುತ್ತದೆ, ಒಂದು ಮನೆಯಲ್ಲಿರಲಿ. ಕ್ಯಾನಿಸ್ಟರ್ ಇರುವವರಿಗೆ ಒಂದು ಎಚ್ಚರಿಕೆ: ಅದು ಮುಚ್ಚಿದ ಡಬ್ಬಿ. ಹಲವು ಗಂಟೆ ನಿಂತರೆ ಒಳಗಿನ ಬ್ಯಾಕ್ಟೀರಿಯಾವೂ ಉಸಿರಿಲ್ಲದೆ ಸಾಯುತ್ತವೆ. ಕರೆಂಟ್ ಬಂದ ಕೂಡಲೇ ಆ ಕೊಳೆತ ನೀರನ್ನು ಟ್ಯಾಂಕ್‌ಗೆ ತಳ್ಳುತ್ತದೆ. ತೆರೆದು ಟ್ಯಾಂಕ್ ನೀರಿನಲ್ಲೇ ತೊಳೆದು ಹಾಕಿ.

ಕೋಟೆನಾಡು, ಚಿತ್ರದುರ್ಗ:

ಬಿಸಿಲಿನ ಮಾತು ಆಯಿತು, ನಾನು ನೀರಿನ ಮಾತು ಆಡುತ್ತೇನೆ. ನಮ್ಮ ಕಡೆ ಬೋರ್ ನೀರು ಇನ್ನೂ ಗಡಸು. ಟ್ಯಾಂಕ್ ನೀರು ಒಂದು ಬೆರಳು ಇಳಿದರೆ ಗಾಜಿನ ಮೇಲೆ ಸುಣ್ಣದ ಬಿಳಿ ಗೆರೆ ಬಿದ್ದಿರುತ್ತದೆ. ಉಗುರಿನಲ್ಲಿ ಕೆರೆದರೂ ಬರುವುದಿಲ್ಲ, ನಿಂಬೆಹಣ್ಣಿನ ಹೋಳು ಉಜ್ಜಬೇಕು.

ಈ ನೀರಿನಲ್ಲಿ ನಿಯಾನ್ ಟೆಟ್ರಾ, ಕಾರ್ಡಿನಲ್, ಡಿಸ್ಕಸ್ ಸಾಕುವ ಆಸೆ ಬಿಡಿ. ಅವು ಅಮೆಜಾನ್ ಕಡೆಯ ಮೆದು ನೀರಿನ ಮೀನು. ಪಿಎಚ್ ಇಳಿಸುವ ಔಷಧಿ ಹಾಕಿ ಹಾಕಿ ಸುಸ್ತಾಗುತ್ತೀರಿ. ಗಡಸು ನೀರು ಪಿಎಚ್ ಅನ್ನು ಮತ್ತೆ ಮೇಲಕ್ಕೇ ಎಳೆಯುತ್ತದೆ. ಹೀಗೆ ಏರಿಳಿಯುವುದು 8ರಲ್ಲಿ ನೆಟ್ಟಗೆ ನಿಲ್ಲುವುದಕ್ಕಿಂತ ಕೆಟ್ಟದ್ದು. ನೀರಿಗೆ ತಕ್ಕ ಮೀನು ತನ್ನಿ. ಮೀನಿಗೆ ತಕ್ಕ ನೀರು ಮಾಡಲು ಹೊರಟರೆ ಆ ಕೆಲಸ ಮುಗಿಯುವುದೇ ಇಲ್ಲ.

ಗಡಸು ನೀರಿಗೆ ಹೇಳಿ ಮಾಡಿಸಿದ್ದು ಮರಿ ಹಾಕುವ ಜಾತಿ: ಗಪ್ಪಿ, ಪ್ಲಾಟಿ, ಮೋಲಿ, ಸ್ವೋರ್ಡ್‌ಟೇಲ್. ಮೋಲಿಯನ್ನು ಮೆದು ನೀರಿನಲ್ಲಿ ಬಿಟ್ಟು ನೋಡಿ. ಇದ್ದಲ್ಲೇ ನಿಂತು ಮೈ ನಡುಗಿಸುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಅದೇ ಮೋಲಿ ನಮ್ಮ ಬೋರ್ ನೀರಿನಲ್ಲಿ ರೆಕ್ಕೆ ಬಿಚ್ಚಿ ಓಡಾಡುತ್ತದೆ. ಜಾಗ ಇದ್ದವರಿಗೆ ರೇನ್‌ಬೋ ಮೀನೂ ಒಳ್ಳೆಯದು, ಅದಕ್ಕೂ ಈ ನೀರು ಸರಿ. ಬೊಸೆಮನಿ ರೇನ್‌ಬೋ 10 ಸೆಂಟಿಮೀಟರ್ ಆಗುತ್ತದೆ, 4 ಅಡಿ ಟ್ಯಾಂಕ್ ಬೇಕು.

900 ಟಿಡಿಎಸ್ ಮೋಲಿಗೆ ಸರಿ, ಉಳಿದವಕ್ಕೆ ಸ್ವಲ್ಪ ಹೆಚ್ಚೇ. ಅರ್ಧ ಬೋರ್, ಅರ್ಧ ಆರ್‌ಒ ನೀರು ಬೆರೆಸಿದರೆ 450, 500ಕ್ಕೆ ಬರುತ್ತದೆ. ಬರೀ ಆರ್‌ಒ ನೀರು ಹಾಕಬೇಡಿ, ಅದರಲ್ಲಿ ಖನಿಜವೇ ಇರುವುದಿಲ್ಲ. ನೆನಪಿರಲಿ, ಬೇಸಿಗೆಯಲ್ಲಿ ನೀರು ಆವಿಯಾದಾಗ ಉಪ್ಪು, ಸುಣ್ಣ ಟ್ಯಾಂಕ್‌ನಲ್ಲೇ ಉಳಿಯುತ್ತದೆ. ಕಡಿಮೆಯಾದಷ್ಟಕ್ಕೆ ಮತ್ತೆ ಬೋರ್ ನೀರು ಸುರಿಯುತ್ತಾ ಹೋದರೆ ತಿಂಗಳು ಕಳೆಯುವಷ್ಟರಲ್ಲಿ ಟಿಡಿಎಸ್ ಎಲ್ಲೋ ಹೋಗಿರುತ್ತದೆ. ಆವಿಯಾದ ಲೆಕ್ಕಕ್ಕೆ ಆರ್‌ಒ ನೀರು. ಬದಲಿಸುವ ಲೆಕ್ಕಕ್ಕೆ ಬೆರೆಸಿದ ನೀರು.

ಇನ್ನೊಂದು. ಬೋರ್‌ನಿಂದ ಆಗಷ್ಟೇ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಜಾಸ್ತಿ. ಒಂದು ದಿನ ಬಕೆಟ್‌ನಲ್ಲಿ ಗುಳ್ಳೆ ಬಿಟ್ಟು ಇಡಿ, ಆಮೇಲೆ ಪಿಎಚ್ ನೋಡಿ. ಆಗ ಬರುವುದೇ ನಿಜವಾದ ಅಂಕಿ. ನಲ್ಲಿ ನೀರಾದರೆ ಕ್ಲೋರಿನ್ ಇರುತ್ತದೆ, ಅದಕ್ಕೆ ಆಂಟಿ ಕ್ಲೋರಿನ್ ಹನಿ ಬೇಕು.

ಬೆಣ್ಣೆನಗರಿ, ದಾವಣಗೆರೆ:

ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿದೆ. ಶಾರ್ಕ್, ಸಕ್ಕರ್, ಟೈಗರ್ ಬಾರ್ಬ್ ಅವಳೇ ಹೊಡೆದು ಹಾಕಿದಳು. ಏಂಜೆಲ್ ಬಿಡಲು ಮನಸ್ಸಿಲ್ಲ. ಗಪ್ಪಿ ಬೇಕೇ ಬೇಕು ಅನ್ನುತ್ತಾಳೆ, ಮರಿ ಹಾಕುವುದನ್ನು ನೋಡಬೇಕಂತೆ.

ಹೊಳಲ್ಕೆರೆಯವಳು:

ಮರಿ ಆಸೆಗೆ ನಾನು ಉತ್ತರ ಕೊಡುತ್ತೇನೆ. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರಬೇಕು. ಇಲ್ಲದಿದ್ದರೆ ಗಂಡು ಬೆನ್ನಟ್ಟಿ ಬೆನ್ನಟ್ಟಿ ಹೆಣ್ಣಿಗೆ ಒಂದು ಗಳಿಗೆ ಬಿಡುವು ಕೊಡುವುದಿಲ್ಲ. ಸುಮಾರು 4 ವಾರಕ್ಕೊಮ್ಮೆ ಮರಿ. ದೊಡ್ಡ ಹೆಣ್ಣು ಒಂದು ಸಲಕ್ಕೆ 30, 40 ಹಾಕುತ್ತದೆ. ಒಮ್ಮೆ ಗಂಡಿನ ಜೊತೆ ಸೇರಿದರೆ ವೀರ್ಯವನ್ನು ಒಳಗೇ ಉಳಿಸಿಕೊಂಡು ತಿಂಗಳುಗಟ್ಟಲೆ ಮರಿ ಹಾಕುತ್ತಿರುತ್ತದೆ. ಗಂಡನ್ನು ಬೇರೆ ಮಾಡಿದರೂ ನಿಲ್ಲುವುದಿಲ್ಲ.

ಈಗ ಎಷ್ಟು ಮೀನು ಅನ್ನುವ ಲೆಕ್ಕ ಏನಾಯಿತು? ನೀವು 6 ತಂದಿರಿ, ಏಪ್ರಿಲ್‌ಗೆ 60 ಆಯಿತು. ಹಳೇಟ್ಯಾಂಕ್ ಹೇಳಿದ ಆ ಮಧ್ಯಾಹ್ನಕ್ಕೆ ಸರಿಯಾಗಿ ಟ್ಯಾಂಕ್ ತುಂಬಿರುತ್ತದೆ. ಹಾಗಾಗಿ ದೊಡ್ಡ ಟ್ಯಾಂಕ್‌ಗೆ ಬರೀ ಗಂಡು ಹಾಕಿ. ಬಣ್ಣ ಇರುವುದೂ ಗಂಡು ಗಪ್ಪಿಗೇ. ಮಗಳಿಗೆ ಮರಿ ನೋಡುವ ಆಸೆ ಇದ್ದರೆ ಬೇರೆ 20, 30 ಲೀಟರ್‌ನ ಟಬ್ ಇಡಿ, ಒಂದು ಹಿಡಿ ಜಾವಾ ಪಾಚಿ ಹಾಕಿ, ಒಂದು ಗಂಡು ಎರಡು ಹೆಣ್ಣು ಬಿಡಿ. ಮರಿಗಳು ಆ ಪಾಚಿಯ ಎಳೆಗಳ ನಡುವೆ ಅವಿತುಕೊಂಡು ಕಣ್ಣು ಮಾತ್ರ ಕಾಣಿಸುತ್ತವೆ. ದಿನಾ ಬೆಳಗ್ಗೆ ಎಣಿಸುವುದೇ ಮಕ್ಕಳಿಗೆ ಹಬ್ಬ. ಹೆಚ್ಚಾದವನ್ನು ಯಾರು ತೆಗೆದುಕೊಳ್ಳುತ್ತಾರೆ ಅಂತ ಮೊದಲೇ ಮಾತಾಡಿಟ್ಟುಕೊಳ್ಳಿ.

ಊರ ಬಾವಿಯಿಂದಲೋ ಸಿಮೆಂಟ್ ತೊಟ್ಟಿಯಿಂದಲೋ ಹಿಡಿದು ತಂದ ಬೂದು ಬಣ್ಣದ ಚಿಕ್ಕ ಮೀನು ಬೇಡ. ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆ ಬಿಡುವ ಮೀನಿನಲ್ಲಿ ಗಪ್ಪಿಯೂ ಇದೆ, ಗ್ಯಾಂಬೂಸಿಯಾವೂ ಇದೆ. ನೋಡಲು ಎರಡರ ಹೆಣ್ಣೂ ಒಂದೇ ತರಹ. ಗ್ಯಾಂಬೂಸಿಯಾ ಜೊತೆಗಿರುವ ಮೀನಿನ ರೆಕ್ಕೆ ಕಚ್ಚುತ್ತದೆ.

ತುಂಗಭದ್ರೆ, ಹರಿಹರ:

ನಮ್ಮ ದೇಶದ ಮೀನಿನ ಹೆಸರು ಇನ್ನೂ ಯಾರೂ ಎತ್ತಿಲ್ಲ, ಬೇಸರವಾಯಿತು. ಜೀಬ್ರಾ ಡ್ಯಾನಿಯೋ ಭಾರತದ್ದೇ ಮೀನು. 4 ಸೆಂಟಿಮೀಟರ್, ನೀಲಿ ಪಟ್ಟೆ, ಎಂಥ ನೀರಿಗೂ ಒಗ್ಗುತ್ತದೆ. ಚಳಿಗಾಲದ ರಾತ್ರಿ ನೀರು ತಣ್ಣಗಾದರೂ ಹೀಟರ್ ಕೇಳುವುದಿಲ್ಲ. ಒಂದೇ ನಿಯಮ, 6ಕ್ಕಿಂತ ಕಡಿಮೆ ಬೇಡ. ಎರಡು ಮೂರು ತಂದರೆ ಒಂದು ಇನ್ನೊಂದನ್ನು ಓಡಿಸುತ್ತಲೇ ಇರುತ್ತದೆ. ಎಂಟು ಇದ್ದರೆ ಆ ಓಡಾಟ ಎಲ್ಲರಿಗೂ ಹಂಚಿಹೋಗುತ್ತದೆ, ಯಾರಿಗೂ ಪೆಟ್ಟಾಗುವುದಿಲ್ಲ. ಗುಂಪಿನ ಮೀನನ್ನು ಕಡಿಮೆ ತಂದರೆ ಜಾಗ ಉಳಿಯಿತು ಅಂದುಕೊಳ್ಳುತ್ತಾರೆ. ನಿಜದಲ್ಲಿ ಆಗುವುದು ಜಗಳ. ಗಪ್ಪಿಯ ಉದ್ದ ಬಾಲಕ್ಕೆ ಡ್ಯಾನಿಯೋ ಒಮ್ಮೊಮ್ಮೆ ಬಾಯಿ ಹಾಕುತ್ತದೆ, ಪ್ಲಾಟಿ ಜೊತೆ ಚೆನ್ನಾಗಿ ಹೊಂದುತ್ತದೆ.

ಮಿಸ್ ಕೇರಳ ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ. ಕೆಂಪು ಗೆರೆಯ ಆ ಮೀನು ಪಶ್ಚಿಮ ಘಟ್ಟದ ಹೊಳೆಗಳದ್ದು. ಹೊಳೆಯಿಂದ ಹಿಡಿದು ಹಿಡಿದು ಈಗ ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಸಾಕಲೇಬೇಕು ಅಂದರೆ ಫಾರ್ಮ್‌ನಲ್ಲಿ ಮರಿ ಮಾಡಿಸಿದ್ದು ಅಂತ ಖಾತ್ರಿ ಮಾಡಿಕೊಳ್ಳಿ. ಅದಕ್ಕೆ ಹರಿಯುವ ತಂಪು ನೀರು ಬೇಕು, 4 ಅಡಿ ಟ್ಯಾಂಕ್ ಬೇಕು. ದಾವಣಗೆರೆ ಬೇಸಿಗೆಗೆ ನಾನು ಒಪ್ಪುವುದಿಲ್ಲ.

ದೊಡ್ಡೂರು, ಚನ್ನಗಿರಿ:

ನಡುವೆ ಒಂದು ಪ್ರಶ್ನೆ. ನಮ್ಮ ಅಣ್ಣನ ಮನೆಯಲ್ಲಿ ಒಂದು ಆಸ್ಕರ್, ಒಂದು ದೊಡ್ಡ ಸಕ್ಕರ್ ಇವೆ. ಅವರು ವರ್ಗವಾಗಿ ಬೇರೆ ಊರಿಗೆ ಹೋಗುತ್ತಿದ್ದಾರೆ. ಸೂಳೆಕೆರೆ ಇಲ್ಲೇ ಹತ್ತಿರ. ಅಷ್ಟು ದೊಡ್ಡ ಕೆರೆಗೆ ಎರಡು ಮೀನು ಬಿಟ್ಟರೆ ಆರಾಮಾಗಿ ಇರುತ್ತವೆ ಅಲ್ವಾ?

ತುಂಗಭದ್ರೆ, ಹರಿಹರ:

ದಯವಿಟ್ಟು ಬಿಡಬೇಡಿ. ಸೂಳೆಕೆರೆಗೂ (ಅದೇ ಶಾಂತಿಸಾಗರ) ಬೇಡ, ಭದ್ರಾ ನಾಲೆಗೂ ಬೇಡ, ಹೊಳೆಗೂ ಬೇಡ. ಸಕ್ಕರ್ ಮೈ ಗಟ್ಟಿ ಹಲಗೆ ಹಲಗೆ, ರೆಕ್ಕೆಯಲ್ಲಿ ಮುಳ್ಳು. ಇಲ್ಲಿನ ಬೇಟೆ ಮೀನಿಗೆ ಅದನ್ನು ನುಂಗುವುದು ಕಷ್ಟ. ದಡದ ಮಣ್ಣಿನಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತದೆ, ಗಂಡು ಕಾವಲು ಕಾಯುತ್ತದೆ. ದೇಶದ ಎಷ್ಟೋ ಕೆರೆ, ನದಿಗಳಲ್ಲಿ ಹೀಗೆ ಮನೆ ಟ್ಯಾಂಕ್‌ನಿಂದ ಹೋದ ಸಕ್ಕರ್ ತುಂಬಿಕೊಂಡು ಮೀನುಗಾರರ ಬಲೆ ಹರಿಯುತ್ತಿದೆ. ಚಿತ್ರದುರ್ಗಕ್ಕೆ ಕುಡಿಯುವ ನೀರು ಹೋಗುವುದೂ ಆ ಕೆರೆಯಿಂದಲೇ. ಸುತ್ತಲಿನ ಮೀನುಗಾರರ ಮನೆ ನಡೆಯುವುದೂ ಅದರಿಂದಲೇ.

ಅಂಗಡಿಯವರನ್ನು ಕೇಳಿ, ದೊಡ್ಡ ಮೀನನ್ನು ಹಿಂದಕ್ಕೆ ತೆಗೆದುಕೊಳ್ಳುವವರು ಇದ್ದಾರೆ. ಇಲ್ಲೂ ಕೇಳಿ.

ಮಂಡಿಪೇಟೆ, ದಾವಣಗೆರೆ:

ಆಸ್ಕರ್ ನನಗೆ ಕೊಡಿ. ನನ್ನ ಹತ್ತಿರ ಖಾಲಿ 5 ಅಡಿ ಟ್ಯಾಂಕ್ ಇದೆ, ಅದರಲ್ಲಿ ಅದೊಂದನ್ನೇ ಬಿಡುತ್ತೇನೆ. ಸಕ್ಕರ್‌ಗೂ ನನ್ನ ಗೆಳೆಯರನ್ನು ಕೇಳುತ್ತೇನೆ. ಕೆರೆಗೆ ಮಾತ್ರ ಬೇಡ.

ದೊಡ್ಡೂರು, ಚನ್ನಗಿರಿ:

ತುಂಬಾ ಉಪಕಾರ ಆಯಿತು. ಅಣ್ಣನಿಗೆ ಈಗಲೇ ಹೇಳುತ್ತೇನೆ.

ಹಳೇಟ್ಯಾಂಕ್, ದಾವಣಗೆರೆ:

ಬೆಣ್ಣೆನಗರಿ, ನಿಮ್ಮ ಏಂಜೆಲ್ ವಿಷಯ. ಸಾಕಲಾಗದು ಅಂತ ಅಲ್ಲ. ಒಂದೂವರೆ ಅಡಿ ಎತ್ತರ ಅದಕ್ಕೆ ಸಾಕು. ಆದರೆ ನಿಮ್ಮ ಟ್ಯಾಂಕ್ ಅಗಲ ಒಂದೇ ಅಡಿ. ಜೋಡಿ ಕಟ್ಟಿದರೆ ಉಳಿದ ಮೀನಿಗೆ ತಪ್ಪಿಸಿಕೊಳ್ಳಲು ಜಾಗ ಇರುವುದಿಲ್ಲ. ಏಂಜೆಲ್ ಬೇಕಿದ್ದರೆ ಏಂಜೆಲ್ ಮಾತ್ರ ಸಾಕಿ, ಗಪ್ಪಿ ಬಿಡಿ. ಎರಡೂ ಒಟ್ಟಿಗೆ ಆಗದು.

ಇನ್ನೊಂದು ಅಳತೆ ಹೇಳುತ್ತೇನೆ, ಇದು ಯಾವ ಪುಸ್ತಕದ ಲೆಕ್ಕಕ್ಕಿಂತ ನಮಗೆ ಹತ್ತಿರದ್ದು. ವಾರಕ್ಕೆ ಕಾಲು ಭಾಗ ನೀರು ಬದಲಿಸಬೇಕು. ನಿಮಗೆ ಅದು 26 ಲೀಟರ್, ಅಂದರೆ ಎರಡು ಬಕೆಟ್. ಮೀನು ಎರಡು ಪಟ್ಟಾದರೆ ಬಕೆಟ್ ನಾಲ್ಕು. ಬೇಸಿಗೆಯಲ್ಲಿ ಬೋರ್ ಇಳಿದಾಗ, ನಲ್ಲಿ ನೀರು ಯಾವಾಗ ಬರುತ್ತದೋ ಅಂತ ಕಾಯುವಾಗ, ಮನೆಯವರಿಗೆ ಕುಡಿಯಲು, ತೊಳೆಯಲು ಎತ್ತಿಟ್ಟ ಮೇಲೆ ಮೀನಿಗೆ ಎಷ್ಟು ಬಕೆಟ್ ಉಳಿಯುತ್ತದೆ? ಅಷ್ಟು ಬಕೆಟ್‌ಗೆ ಎಷ್ಟು ಮೀನೋ ಅಷ್ಟೇ ಸಾಕಿ. ಟ್ಯಾಂಕ್‌ಗೆ ಬಳಸಿದ ನೀರು ಗಿಡಕ್ಕೆ ಹಾಕಿ, ಒಳ್ಳೆಯ ಗೊಬ್ಬರ.

ಬಿಸಿಗೆ ಒಂದು ಸುಲಭದ ಉಪಾಯ ಇದೆ. ಮುಚ್ಚಳ ತೆಗೆದು ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ಬಿಡಿ. ನಮ್ಮ ಬೇಸಿಗೆ ಗಾಳಿ ಒಣ ಗಾಳಿ, ಆವಿಯಾಗುವುದು ಜಾಸ್ತಿ. 2, 3 ಡಿಗ್ರಿ ಇಳಿಯುತ್ತದೆ. ಐಸ್ ಗಡ್ಡೆ ನೇರ ಹಾಕಬೇಡಿ, ಒಮ್ಮೆಗೇ ಇಳಿದರೆ ಮೀನಿಗೆ ಆಘಾತ. ಡ್ಯಾನಿಯೋ ಇದ್ದರೆ ಟ್ಯಾಂಕ್ ಬಾಯಿಗೆ ಜಾಲರಿ ಕಟ್ಟಿ, ಅವು ಹಾರುತ್ತವೆ.

ಬೆಣ್ಣೆನಗರಿ, ದಾವಣಗೆರೆ:

ಮನೆಯಲ್ಲಿ ಮಾತಾಡಿದೆವು. ಏಂಜೆಲ್ ಈ ಸಲ ಬೇಡ. 8 ಜೀಬ್ರಾ ಡ್ಯಾನಿಯೋ, 5 ಗಂಡು ಪ್ಲಾಟಿ. ಗಪ್ಪಿಗೆ ಬೇರೆ ಟಬ್, ಅಡುಗೆಮನೆ ಕಿಟಕಿ ಹತ್ತಿರ. ನೀರು ಅರ್ಧ ಬೋರ್, ಅರ್ಧ ಆರ್‌ಒ. ಸರಿ ಇದೆಯೇ?

ಗಣಿತಮೇಷ್ಟ್ರು, ದಾವಣಗೆರೆ:

ಡ್ಯಾನಿಯೋ 32, ಪ್ಲಾಟಿ 25. ಒಟ್ಟು 57 ಸೆಂಟಿಮೀಟರ್. 70ರ ಒಳಗೆ, ಏಪ್ರಿಲ್‌ಗೆ 13 ಕೈಯಲ್ಲಿ ಉಳಿಯಿತು. ನನಗೆ ತುಂಬಾ ಹಿಡಿಸಿತು.

ಹಳೇಟ್ಯಾಂಕ್, ದಾವಣಗೆರೆ:

ನನಗೂ. ಆ 13ನ್ನು ಈಗ ತುಂಬಬೇಡಿ. ಮಳೆಗಾಲ ಹಿಡಿದ ಮೇಲೆ ಎಲ್ಲ ಚೆನ್ನಾಗಿದ್ದರೆ ಬ್ರಿಸಲ್‌ನೋಸ್ ಒಂದು ತನ್ನಿ. ಸಕ್ಕರ್ ಜಾತಿಯದೇ, ಆದರೆ 12 ಸೆಂಟಿಮೀಟರ್‌ಗೆ ನಿಲ್ಲುತ್ತದೆ, ಪಾಚಿಯನ್ನು ನಿಜವಾಗಿಯೂ ತಿನ್ನುತ್ತದೆ. ಮಗಳ ಆ ಆಸೆಯೂ ತೀರುತ್ತದೆ.

ಆದರೆ ನಾಳೆಯೇ ಮೀನು ತರಬೇಡಿ. ಹೊಸ ಫಿಲ್ಟರ್‌ನಲ್ಲಿ ಬ್ಯಾಕ್ಟೀರಿಯಾ ಇನ್ನೂ ಇಲ್ಲ. ನೀರು ತುಂಬಿ, ಫಿಲ್ಟರ್ ಓಡಿಸಿ, ದಿನಾ ಒಂದು ಚಿಟಿಕೆ ಕಾಳು ಹಾಕಿ ಕೊಳೆಯಲು ಬಿಡಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದ ಮೇಲೆ ಮೀನು. ಸಾಮಾನ್ಯವಾಗಿ 4ರಿಂದ 6 ವಾರ. ಮೊದಲು ಡ್ಯಾನಿಯೋ, ಎರಡು ವಾರ ಬಿಟ್ಟು ಪ್ಲಾಟಿ. ಪ್ಲಾಟಿಯನ್ನು ಆ ಎರಡು ವಾರ ಟಬ್‌ನಲ್ಲೇ ಬೇರೆ ಇಟ್ಟು, ಮೈ ಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಬರುತ್ತದೆಯೇ ನೋಡಿ.

ಬೆಣ್ಣೆನಗರಿ, ದಾವಣಗೆರೆ:

6 ವಾರ ಅಂದರೆ ಮಗಳು ಕಾಯುವುದು ಕಷ್ಟ. ಬೇಗ ಆಗುವ ದಾರಿ ಇಲ್ಲವೇ?

ಕೋಟೆನಾಡು, ಚಿತ್ರದುರ್ಗ:

ಇದೆ. ಹಳೆಯ, ಕಾಯಿಲೆ ಇಲ್ಲದ ಟ್ಯಾಂಕ್‌ನ ಸ್ಪಂಜು ಒಂದು ತಂದು ನಿಮ್ಮ ಫಿಲ್ಟರ್‌ನಲ್ಲಿ ಇಟ್ಟರೆ ಅರ್ಧಕ್ಕರ್ಧ ಸಮಯ ಉಳಿಯುತ್ತದೆ. ನನ್ನ ಟ್ಯಾಂಕ್‌ನಲ್ಲಿ ಬರೀ ಮೋಲಿ, ಪ್ಲಾಟಿ. ಹೊಸ ಮೀನು ಸೇರಿಸಿ ತುಂಬಾ ಕಾಲವಾಯಿತು. ನೀರೂ ನಿಮ್ಮಂಥದ್ದೇ, ಗಡಸು. ಒಂದು ಸ್ಪಂಜು ನಿಮಗೆ ಕೊಡುತ್ತೇನೆ.

ಬೆಣ್ಣೆನಗರಿ, ದಾವಣಗೆರೆ:

ಶನಿವಾರ ಚಿತ್ರದುರ್ಗದಲ್ಲಿ ನೆಂಟರ ಮದುವೆ ಇದೆ. ಮಧ್ಯಾಹ್ನ ಊಟ ಮುಗಿಸಿಕೊಂಡು ಬರಲೇ?

ಕೋಟೆನಾಡು, ಚಿತ್ರದುರ್ಗ:

ಮದುವೆಗೆ ಮೊದಲು ಬೇಡ, ಬಿಸಿಲಲ್ಲಿ ನಿಂತ ಕಾರಿನೊಳಗೆ ಸ್ಪಂಜು ಬೆಂದುಹೋಗುತ್ತದೆ. ಊಟ ಆದ ಮೇಲೆ, ಊರಿಗೆ ಹೊರಡುವಾಗ ಬನ್ನಿ. ನನ್ನ ಟ್ಯಾಂಕ್ ನೀರಿನಲ್ಲೇ ಮುಳುಗಿಸಿ ಡಬ್ಬಿಯಲ್ಲಿ ಕೊಡುತ್ತೇನೆ. ಪೂರ್ತಿ ತುಂಬುವುದಿಲ್ಲ, ಅರ್ಧ ಗಾಳಿ ಇರಲಿ. ಮನೆಗೆ ಹೋದ ಕೂಡಲೇ ಫಿಲ್ಟರ್‌ಗೆ ಹಾಕಿ, ನಲ್ಲಿ ಕೆಳಗೆ ಮಾತ್ರ ತೊಳೆಯಬೇಡಿ. ಮಗಳನ್ನೂ ಕರೆದುಕೊಂಡು ಬನ್ನಿ. ಗಪ್ಪಿ ಟಬ್‌ಗೆ ಒಂದು ಹಿಡಿ ಜಾವಾ ಪಾಚಿ ಅವಳಿಗೆ ತೆಗೆದಿಟ್ಟಿರುತ್ತೇನೆ.